ಸೇರಿದ ದಿನಾಂಕ

ಉದ್ಯಮಬಾಗದ ಹಿಂದಿನ ಓಣಿ, ನಮ್ಮ ಫೌಂಡ್ರಿ.
ನಲವತ್ತೊಂದು ಜೋಡಿ ಕೈ, ಒಂದು ಭಟ್ಟಿ,
ಕೆಮ್ಮಿ ಕೆಮ್ಮಿ ಅಚ್ಚೊತ್ತುವ ಒಂದು ಪ್ರಿಂಟರ್.
ಹುದ್ದಾರ ಸಾಹೇಬರು ಪೆನ್ ಡ್ರೈವಿನಲ್ಲಿ ತಂದದ್ದು
ಖಾಲಿ ನೇಮಕಾತಿ ಪತ್ರ:
ಹೆಸರು, ಕೆಲಸ, ಪಗಾರ, ಸೇರಿದ ದಿನಾಂಕ.
'ಇಪ್ಪತ್ತೊಂಬತ್ತು ಕಾಯ್ದೆ ಕರಗಿಸಿ
ನಾಕು ಎರಕ ಹೊಯ್ದಾರ,' ಅಂದರು,
'ಇನ್ನ ಬಾಯಿಮಾತು ನಡಿಯೂದಿಲ್ಲ.'

ನಾನು ಲೆಕ್ಕ ಹಾಕಿದೆ. ಸುಳ್ಳು ಯಾಕೆ ಹೇಳಲಿ,
ಮೊದಲು ಹಾಕಿದ್ದು ಲೆಕ್ಕವನ್ನೇ.
ಮೂಲ ಪಗಾರ ಅರ್ಧಕ್ಕಿಂತ ಕಡಿಮೆ ಇರಕೂಡದು;
ಭತ್ಯೆಗಳೆಂಬ ಸಣ್ಣ ಸಣ್ಣ ಡಬ್ಬಿಗಳಲ್ಲಿ
ಬಚ್ಚಿಟ್ಟದ್ದನ್ನೆಲ್ಲ ಮೇಜಿನ ಮೇಲೆ ಸುರಿಯಬೇಕು.
ಬಿಟ್ಟುಹೋದವನ ಬಾಕಿ ಎರಡೇ ದಿನದಲ್ಲಿ.
ಪುಣೆಯಿಂದ ನಮ್ಮ ಬಿಲ್ಲು ಬರಲು ತೊಂಬತ್ತು ದಿನ;
ಅದಕ್ಕೂ ಒಂದು ಕಾನೂನು ಇದೆಯಂತೆ,
ಪುಣೆಗೆ ಇನ್ನೂ ಮುಟ್ಟಿಲ್ಲ.

ಮುನ್ನೂರರೊಳಗಿದ್ದರೆ ಜನರನ್ನು ತೆಗೆಯಲು
ಸರ್ಕಾರದ ಅಪ್ಪಣೆ ಬೇಡವಂತೆ. ದೊಡ್ಡವರಿಗೆ ಸಿಹಿ.
ನಾವು ನಲವತ್ತೊಂದರವರು,
ನಮಗೆ ಅಪ್ಪಣೆ ಎಂದೂ ಬೇಕಿರಲಿಲ್ಲ.
ತೆಗೆಯುವಾಗ ಎದುರು ನಿಲ್ಲಲು ಒಂದು ಮುಖ ಬೇಕಿತ್ತು, ಅಷ್ಟೇ.

ನಲವತ್ತು ದಾಟಿದವರಿಗೆ ವರ್ಷಕ್ಕೊಮ್ಮೆ ತಪಾಸಣೆ, ಖರ್ಚು ನಮ್ಮದು.
ಮರಳಿನ ದೂಳು ಯಾರ ಎದೆಯಲ್ಲಿ ಎಷ್ಟು ಕೂತಿದೆ ಎಂದು
ಇಷ್ಟು ದಿನ ಎಕ್ಸ್‌ರೇ ಎತ್ತಿ ಹಿಡಿದು ನೋಡಿದವರಿಲ್ಲ.
ನೋಡದಿರುವುದೂ ಒಂದು ಉಳಿತಾಯವಾಗಿತ್ತು.

ಕೋರ್ ಮಾಡುವ ಶೆವಂತಾ ಬಾಗಿಲಲ್ಲಿ ನಿಂತು ಕೇಳಿದಳು:
'ರಾತ್ರಿ ಪಾಳಿ ನಮಗೂ ಐತಂತ, ಖರೇ ಏನ್ರಿ?'
'ನೀ ಒಪ್ಪಿ ಬರಕೊಟ್ಟರ,' ಅಂದೆ.
'ಒಪ್ಪತೀನ್ರಿ. ಗಾಡಿ ಮಚ್ಛೆ ಊರಾಗ ಬರತೈತೋ,
ಹೈವೇ ಮ್ಯಾಲ ಇಳಿಸಿ ಹೊಕ್ಕೈತೋ,
ಅದನ್ನ ಮೊದಲ ನೀವು ಬರಕೊಡ್ರಿ.'

ಆಮೇಲೆ ಭರಮ್ಯಾನ ಸರದಿ.
ಹಾಜರಿ ಪುಸ್ತಕದಲ್ಲಿ ಇರುವುದು ಅಷ್ಟೇ: ಭರಮ್ಯಾ, ಮೋಲ್ಡರ್.
ಸೇರಿದ್ದು ಯಾವಾಗ? ಅಪ್ಪನ ಕಾಲದಲ್ಲಿ.
ಅಪ್ಪ ನೇಮಿಸುತ್ತಿದ್ದದ್ದು ಗೋಣು ಹಾಕಿ.
ಗೋಣಿಗೆ ತಾರೀಖಿಲ್ಲ.
ಹುದ್ದಾರರು ದನಿ ತಗ್ಗಿಸಿದರು:
'ಇವತ್ತಿಂದ ತಾರೀಖು ಹಾಕರಿ. ಗ್ರಾಚ್ಯುಟಿ ಇವತ್ತೇ ಹುಟ್ಟತದ.'
ಅದು ಆಗಲೂ ಹುಟ್ಟಿತ್ತು.
ಇರದಿದ್ದದ್ದು ಕಾಗದ.

ಏನೋ ನೆವ ಹೇಳಿ ಪ್ಯಾಟರ್ನಿನ ಅಟ್ಟ ಹತ್ತಿದೆ.
ಸಾಗವಾನಿ ಪಂಪಿನ ಹೊಟ್ಟೆಗಳು, ಗೇರಿನ ಹಲ್ಲುಗಳು,
ಮೈತುಂಬ ಗ್ರಾಫೈಟಿನ ಕಪ್ಪು.
ಅಪ್ಪ ನನಗೆ ಕಲಿಸಿದ್ದು ಇಲ್ಲಿಯೇ, ಅಳತೆಪಟ್ಟಿ ಹಿಡಿಸಿ:
'ಬೀಡು ಆರುವಾಗ ಕುಗ್ಗತದ. ನೂರಕ್ಕ ಒಂದು
ಹೆಚ್ಚಿಗಿ ಇಟ್ಟು ಕೊರಿ. ಆ ಒಂದಕ್ಕ ಜೀವ ಹಿಡದಾವ
ಕಡೀಕ ಸಣ್ಣ ಮಾಲು ಒಯ್ಯತಾನ.'
ಮೂಲೆಯಲ್ಲಿ ಸಕ್ಕರೆ ಕಾರ್ಖಾನೆಯ ಬೇರಿಂಗ್ ಬಾಕ್ಸು,
ಬೆನ್ನಿಗೆ ಮೊಳೆಯಲ್ಲಿ ಗೀರಿದ ಅಕ್ಷರ:
ಪೈಲಾ ಅಚ್ಚು. ಭರಮಾ. ೧೧-೮-೯೮.
ಅದರ ಕೆಳಗೆ ಅಪ್ಪನ ಪೆನ್ಸಿಲ್ಲು: ಪಾಸ್.

ಹೆಬ್ಬೆರಳಿಂದ ಒರೆಸಿದರೆ ಹೋಗುವಂಥ ಪೆನ್ಸಿಲ್ಲು.
ಹೆಬ್ಬೆರಳು ಅಲ್ಲಿಯವರೆಗೆ ಹೋಗಿತ್ತು
ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ಕೆಳಗಿಳಿದು ಟೈಪು ಮಾಡಿದೆ: ಹನ್ನೊಂದು, ಎಂಟು, ತೊಂಬತ್ತೆಂಟು.
ಹುದ್ದಾರರು ಚಸ್ಮಾ ತೆಗೆದು ಒರೆಸಿದರು, ಬಹಳ ಹೊತ್ತು.

ಭರಮ್ಯಾ ಕೈ ತೊಳೆದು ಬಂದ. ಸಾವಕಾಶ ಓದಿದ,
ಅಚ್ಚು ಮುಚ್ಚುವ ಮುಂಚೆ
ಉದುರಿದ ಮರಳು ಊದಿ ನೋಡುವಂತೆ.
'ಕೈಗೆ ಬರೂದು ಕುಗ್ಗತೈತೇನ್ರಿ, ಮಾಲಕರ?'
'ಸ್ವಲ್ಪ. ಪಿಎಫ್‌ಗೆ ಹೋಗತದ. ನನ್ನ ಪಾಲೂ ಅಷ್ಟೇ ಹೋಗತದ.'
'ಹಂಗಾರ ಪ್ಯಾಟರ್ನ ದೊಡ್ಡದ ಮಾಡ್ರಿ,' ಅಂದ.
ನಗಲಿಲ್ಲ.
ನಾನು ಸ್ಟೇಪ್ಲರ್ ಹುಡುಕಿದೆ.

ತಾರೀಖಿನ ಬಗ್ಗೆ ಅವನು ಮಾತೇ ಎತ್ತಲಿಲ್ಲ;
ಅವನಿಗೆ ಅದು ಸುದ್ದಿಯಲ್ಲ.
ತೊಳೆದರೂ ಕಪ್ಪಾಗಿಯೇ ಇದ್ದ ಬೆರಳನ್ನು ಹೆಸರಿನ ಮೇಲಿಟ್ಟ:
'ಭರಮ್ಯಾ ಅಲ್ರಿ. ಬರಕೋರಿ,
ಭರಮಣ್ಣ ಸಿದ್ರಾಯಿ ನಾವಗೇಕರ.'

ಪ್ರಿಂಟರ್ ಮತ್ತೊಮ್ಮೆ ಕೆಮ್ಮಿತು.
ಕೆಟ್ಟ ಪ್ರತಿಯ ಮೇಲೆ ಅವನ ಬೆರಳಿನ ಗುರುತು ಉಳಿದಿದೆ.
ಅದನ್ನು ಯಾವ ಫೈಲಿಗೆ ಹಾಕಬೇಕೆಂದು
ಹುದ್ದಾರರನ್ನು ಕೇಳಿಲ್ಲ.
ಇನ್ನೂ ನಲವತ್ತು ಪತ್ರ ಬಾಕಿ.
ಅಟ್ಟದ ಕೀಲಿ ನನ್ನ ಜೇಬಿನಲ್ಲೇ ಇದೆ.